ಎಡಬಲ ತಪ್ಪಿದ ಉಕ್ಕಿನ ತುಂಡು

ಹಾಫ್‌ಮನ್ ಎಸ್ಟೇಟ್ಸ್, ಇಲಿನಾಯ್
ಫೆಬ್ರವರಿ 15, 2026
ಭಾನುವಾರ, ಶಿವರಾತ್ರಿ

ಪ್ರೀತಿಯ ಮೇಧಾ,

ಶರಣು. ನಿನ್ನ ದೀಪಾವಳಿಯ ಪತ್ರಕ್ಕೆ ಶಿವರಾತ್ರಿಗೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕಾದ್ದನ್ನೆಲ್ಲ ಬೈದು ಮುಗಿಸಿ ಆಮೇಲೆ ಮುಂದೆ ಓದು. ದಿನಾ ವಾಟ್ಸಾಪಿನಲ್ಲಿ ಹರಟಿದರೂ ವರ್ಷಕ್ಕೆ ಎರಡು ಸಲ ಕಾಗದದ ಮೇಲೆ ಬರೆಯಬೇಕೆಂದು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಮಾಡಿಕೊಂಡ ಕರಾರನ್ನು ನೀನು ಒಮ್ಮೆಯೂ ಮುರಿದಿಲ್ಲ. ಮುರಿಯುವವಳು ಯಾವಾಗಲೂ ನಾನೇ. ಲಕೋಟೆ ದಪ್ಪಗಿದೆ ಎಂದು ಅವಸರ ಮಾಡಬೇಡ. ಒಳಗೆ ಇನ್ನೊಂದು ಲಕೋಟೆ ಇದೆ. ಮೊದಲು ಇದನ್ನು ಪೂರ್ತಿ ಓದು, ಅದು ಕೊನೆಗೆ.

ನಿನಗೆ ಬಡ್ತಿ ಸಿಕ್ಕಿ ಕೈಕೆಳಗೆ ನಲವತ್ತು ಜನ ಬಂದರೆಂಬುದನ್ನು ನಾನು ರಾಜಶೇಖರ್‌ಗೆ ಗಟ್ಟಿಯಾಗಿ ಓದಿ ಹೇಳಿದೆ. ನಿಮ್ಮ ಮಿಷಿಗನ್ನಿನ ಆಬರ್ನ್ ಹಿಲ್ಸಿನ ಆ ದೊಡ್ಡ ಕಟ್ಟಡದಲ್ಲಿ ನೀನು ಸೀರೆಯುಟ್ಟು ಮೀಟಿಂಗಿಗೆ ಹೋದ ಫೋಟೋ ನಮ್ಮ ಫ್ರಿಜ್ಜಿನ ಮೇಲಿದೆ. ನಮ್ಮ ಇಶಾ ಆನ್ ಆರ್ಬರಿನ ಕಾಲೇಜಿನಿಂದ ಶನಿವಾರ ನಿಮ್ಮ ಮನೆಗೆ ಬಂದು ರೊಟ್ಟಿ ತಿಂದು ಹೋಗುತ್ತಾಳಲ್ಲ, ಫೋನಿನಲ್ಲಿ ನನಗೇ ಹೇಳುತ್ತಾಳೆ, "ಮೇಧಾ ಆಂಟಿ ಮೇಕ್ಸ್ ಇಟ್ ಬೆಟರ್, ಅಮ್ಮಾ." ಹೆತ್ತವಳಿಗೆ ಇದಕ್ಕಿಂತ ಮರ್ಯಾದೆ ಬೇಕೇ? ನಾವಿಬ್ಬರೂ ಆರಾಮ. ಇವರ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ.

ಇವತ್ತು ಉಪವಾಸ. ಬೆಳಗಿನಿಂದ ಎರಡು ಬಾಳೆಹಣ್ಣಿನ ಮೇಲಿದ್ದೇನೆ, ಆದರೆ ನಿನಗೆ ಬರೆಯಬೇಕಾಗಿರುವುದು ಜಾಮು ತುಂಬಿದ ಡೋನಟ್ಟಿನ ವಿಷಯ. ಶಿವ ಕ್ಷಮಿಸಲಿ.

ನಮ್ಮ ಎಲ್ಕ್ ಗ್ರೋವಿನ ಕಾರ್ಖಾನೆಯಲ್ಲಿ ನಲವತ್ತು ಜನರ ಪೈಕಿ ಹನ್ನೊಂದು ಮಂದಿ ಪೋಲೆಂಡಿನವರೆಂದು ನಿನಗೆ ಗೊತ್ತು. ಅವರ ಯಜಮಾನನಂತಿರುವವನು ಸ್ತಾಶೆಕ್. ಟೂಲ್ ರೂಮಿನ ಹಿರಿಯ, ಮೂವತ್ತೊಂದು ವರ್ಷದ ಸರ್ವಿಸು. ಅವನ ಇಂಗ್ಲಿಷನ್ನು ಇದ್ದಂತೆ ಬರೆದರೆ ಅವನ ಗತ್ತು ಹೋಗುತ್ತದೆ, ಆದ್ದರಿಂದ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅವನು ಹುಬ್ಬಳ್ಳಿಯಲ್ಲಿ ಹುಟ್ಟಿದ್ದರೆ ಹೀಗೇ ಮಾತಾಡುತ್ತಿದ್ದ. ಹೊಸ ವರ್ಷದ ವಾರದಲ್ಲಿ ಒಂದು ಅರ್ಜಿ ತಂದು ನನ್ನ ಮೇಜಿನ ಮೇಲಿಟ್ಟು, "ನನ್ನ ಹೆಂಡತಿ ತಂಗಿ, ಬೊಜೆನಾ ಅಂತ. ನಮ್ಮ ಊರಾಗ ವಿಮಾನದ ಬಿಡಿಭಾಗ ಮಾಡೋ ಕಾರ್ಖಾನ್ಯಾಗ ಹದಿನೆಂಟು ವರ್ಷ ಮಷೀನ್ ಮ್ಯಾಲೆ ನಿಂತಾಕಿ. ಇಲ್ಲಿ ಮಂದಿ ಮನಿ ನೆಲಾ ಒರಸಾಕತ್ತಾಳ," ಎಂದ.

ಅಕ್ಕ ಹಾಕಿದ ಅರ್ಜಿಗೆ ಹದಿಮೂರು ವರ್ಷ ಕಾದು ಗ್ರೀನ್ ಕಾರ್ಡಿನ ಮೇಲೆ ಬಂದವಳು. ಕಾಗದಪತ್ರ ಎಲ್ಲ ಸರಿ. ನಲವತ್ತಾರು ವರ್ಷ, ವಿಧವೆ. ಹದಿನಾಲ್ಕು ಕಡೆ ಅಪ್ಲೈ ಮಾಡಿದರೆ ಮೂರು ಕಡೆಯಿಂದ ಉತ್ತರ ಬಂದಿದೆ, ಮೂರೂ ಕಡೆ ಒಂದೇ ಮಾತು: ಅಮೆರಿಕದ ಅನುಭವ ಇಲ್ಲ. "ಈಗ ನಮ್ಮ ದೇಶದಾಗೂ ಕೆಲಸಾ ಐತಿ. ಹುಡುಗರು ಯಾರೂ ಈ ಕಡೆ ತಲೀ ಹಾಕೂದಿಲ್ಲ. ಇಲ್ಲೇನೂ ಸಿಗಲಿಲ್ಲಂದ್ರ ಈಸ್ಟರ್ ಆದ ಮ್ಯಾಲೆ ವಾಪಸ್ ಹೋಗ್ತೀನಿ ಅಂತಾಳ. ನನ್ನ ಹೆಂಡತಿ ದಿನಾ ಅಳತಾಳ," ಎಂದ ಸ್ತಾಶೆಕ್.

ನಾನು ಅರ್ಜಿಯನ್ನು ನಮ್ಮ ಮ್ಯಾನೇಜರ್ ಡೆನಿಸ್‌ಗೆ ತೋರಿಸಿದೆ. ಅವನು ಕೆಟ್ಟವನಲ್ಲ. ಅವನ ಅಜ್ಜ ಸ್ಲೊವಾಕಿಯಾದಿಂದ ಮೈಮೇಲಿನ ಒಂದೇ ಕೋಟಿನಲ್ಲಿ ಬಂದ ಕಥೆಯನ್ನು ಪ್ರತಿ ಕ್ರಿಸ್‌ಮಸ್ಸಿಗೂ ಅವನೇ ಹೇಳುತ್ತಾನೆ. ಆದರೆ ಈಗಿನ ಗಾಳಿ ಬೇರೆ. "ಇನ್ನೊಬ್ಬಳು ಪೋಲೆಂಡಿನವಳೇ? ಊಟದ ಕೋಣೆಯಲ್ಲಿ ಆಗಲೇ ಗೊಣಗುತ್ತಿದ್ದಾರೆ, ಇದೇನು ನಮ್ಮ ಕಾರ್ಖಾನೆಯೋ ಅವರದೋ ಅಂತ. ಇಲ್ಲಿಯವರು ಯಾರಾದರೂ ಸಿಗುತ್ತಾರಾ ನೋಡು," ಎಂದ. ನಾನು ಸರಿ ಎಂದೆ. ಅರ್ಜಿಯನ್ನು ತಂದು ಕೆಳಗಿನ ಡ್ರಾಯರಿನಲ್ಲಿ ಹಾಕಿದೆ. ಆ ಡ್ರಾಯರಿನ ವಿಷಯ ಆಮೇಲೆ ಹೇಳುತ್ತೇನೆ.

ಎರಡು ವಾರ ಕಳೆದು ನಮ್ಮ ಮನೆಯಲ್ಲಿ ಸಂಕ್ರಾಂತಿಯ ಎಳ್ಳು ಹಂಚಿಕೆ. ಬೀದಿಯಾಚೆಯ ಕೇಶವ್ ಬಂದಿದ್ದ, ಆ ಮೈಸೂರಿನ ಹುಡುಗ. ಟಿವಿ ನೋಡುತ್ತಾ, "ನಾವೆಲ್ಲಾ ಕ್ಯೂನಲ್ಲಿ ನಿಂತು ಬಂದೋರು ಆಂಟಿ. ಈಗ ಬರೋರ್ನೆಲ್ಲಾ ಒಂದು ಹತ್ತು ವರ್ಷ ಸ್ಟಾಪ್ ಮಾಡ್ಬೇಕು," ಎಂದ. ಅದೇ ಉಸಿರಿನಲ್ಲಿ ಸಕ್ಕರೆ ಅಚ್ಚು ಕಡಿಯುತ್ತಾ, "ಅಂದ್ಹಾಗೆ ನನ್ನ ಬಾಮೈದ ಬೆಂಗಳೂರಿಂದ ಅಪ್ಲೈ ಮಾಡಿದಾನೆ, ನಿಮ್ಮ ಕಂಪನೀಲಿ ಏನಾದ್ರೂ ಇದ್ಯಾ ನೋಡಿ," ಎಂದ. ರಾಜಶೇಖರ್ ಎಳ್ಳಿನ ಬಟ್ಟಲಿನಲ್ಲಿ ಮುಖ ಹುದುಗಿಸಿಕೊಂಡು ನಕ್ಕರು. ನಾನು ನಗಲಿಲ್ಲ. ಅವನಾದರೂ ತನ್ನವನಿಗಾಗಿ ಬಾಯಿಬಿಟ್ಟು ಕೇಳಿದ್ದ.

ಸೋಮವಾರ ಸ್ತಾಶೆಕ್ ಮತ್ತೆ ಬಂದ. ಎಣ್ಣೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತು, "ಮೇಡಂ, ಮೂವತ್ತೊಂದು ವರ್ಷದಾಗ ನಾನು ಆರು ಮಂದೀನ ತಂದೀನಿ. ಐದು ಮಂದಿ ಚೊಲೋ ಅದಾರ. ಒಬ್ಬ ಕುಡುಕ ಆದ, ಅವನನ್ನ ನಾನ ಗೇಟಿನ ತನಕ ಬಿಟ್ಟುಬಂದೆ. ತಂದವರು ಜವಾಬ್ದಾರಿ ಹೊರಬೇಕಲ್ಲ. ನೀವು ಬಂದು ಇಪ್ಪತ್ತೈದು ವರ್ಷ ಆತು. ನೀವು ಎಷ್ಟು ಮಂದೀನ ತಂದೀರಿ?" ಎಂದ.

"ಯಾರನ್ನೂ ಇಲ್ಲ."

"ಒಬ್ಬರನ್ನೂ? ನಿಮಗ ಗೆಳತ್ಯಾರು ಇಲ್ಲೇನು?"

ಅವನು ಚುಚ್ಚಿ ಕೇಳಲಿಲ್ಲ, ನಿಜವಾಗಿಯೂ ಮರುಗಿ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನ್ನ ಗತಿ. ಅವನು ಹೋದ ಮೇಲೆ ಡ್ರಾಯರು ತೆಗೆದು ಬೊಜೆನಾಳ ಅರ್ಜಿ ಹೊರಗಿಟ್ಟೆ. ಡೆನಿಸ್‌ನ ಕೋಣೆಗೆ ಹೋಗಿ, ಪರೀಕ್ಷೆಯಾದರೂ ಮಾಡೋಣ ಎಂದೆ. ಅವನು ನಿನ್ನಿಷ್ಟ ಎಂಬಂತೆ ಭುಜ ಕುಣಿಸಿದ.

ನಮ್ಮಲ್ಲಿ ಪರೀಕ್ಷೆ ಎಂದರೆ ಮಾತು ಕಡಿಮೆ. ಒಂದು ಡ್ರಾಯಿಂಗ್ ಕೊಟ್ಟು, ಮುಷ್ಟಿ ಗಾತ್ರದ ಉಕ್ಕಿನ ತುಂಡು ಕೊಟ್ಟು, ಮಷೀನಿನ ಮುಂದೆ ನಿಲ್ಲಿಸುತ್ತೇವೆ. ಎರಡು ಗಂಟೆಯ ಕೆಲಸವನ್ನು ಬೊಜೆನಾ ಒಂದೂಕಾಲು ಗಂಟೆಯಲ್ಲಿ ಮುಗಿಸಿದಳು. ತುಂಡು ಥಳಥಳ ಹೊಳೆಯುತ್ತಿತ್ತು. ಡೆನಿಸ್ ಅದನ್ನು ಡ್ರಾಯಿಂಗಿನ ಮೇಲಿಟ್ಟ. ಎಡಕ್ಕೆ ಕೊರೆದಿರಬೇಕಾದ ಸಣ್ಣ ಕಾಲುವೆ ಬಲಕ್ಕಿತ್ತು. ಅಳತೆಗಳೆಲ್ಲ ಕೂದಲೆಳೆಯಷ್ಟೂ ತಪ್ಪಿಲ್ಲ, ಆದರೆ ಇಡೀ ತುಂಡೇ ಎಡಬಲ. "ಪಾಪ, ಪ್ರಯತ್ನಪಟ್ಟಳು. ಡ್ರಾಯಿಂಗ್ ಓದೋದಕ್ಕೆ ಬರಲ್ಲ. ಥ್ಯಾಂಕ್ಸ್ ಹೇಳಿ ಕಳಿಸು," ಎಂದ ಡೆನಿಸ್. ಅವಳಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಏಪ್ರನ್ ಬಿಚ್ಚಿ, ಬೇರೆಯವರ ಮನೆಯ ಬಟ್ಟೆ ಮಡಿಸಿದಂತೆ ನೀಟಾಗಿ ನಾಲ್ಕು ಮಡಿಕೆ ಮಾಡತೊಡಗಿದಳು.

ಮೇಧಾ, ನಿನಗೆ ಆಗಲೇ ಗೊತ್ತಾಗಿರಬೇಕು. ಡ್ರಾಯಿಂಗ್ ಕ್ಲಾಸಿನಲ್ಲಿ ನಿಂಗಪ್ಪ ಮಾಸ್ತರು ನಮಗೆ ಟಿ-ಸ್ಕ್ವೇರ್ ಪಟ್ಟಿ ಕುಟ್ಟಿ ಕುಟ್ಟಿ ಕಲಿಸಿದ್ದೇನು? ವಸ್ತುವನ್ನು ಎಡಗಡೆಯಿಂದ ನೋಡಿದರೆ ಆ ಚಿತ್ರವನ್ನು ಬಲಗಡೆ ಬರೆಯಬೇಕು. ನಮ್ಮ ದೇಶದಲ್ಲಿ ಹಾಗೆ, ಪೋಲೆಂಡಿನಲ್ಲೂ ಹಾಗೆ. ಅಮೆರಿಕದವರು ಮಾತ್ರ ಎಡಗಡೆ ಕಂಡದ್ದನ್ನು ಎಡಗಡೆಗೇ ಬರೆಯುತ್ತಾರೆ. ಮೂಲೆಯಲ್ಲಿ ಅದಕ್ಕೊಂದು ಸಣ್ಣ ಗುರುತಿರುತ್ತದೆ, ಹಳೆಯ ಅಭ್ಯಾಸದ ಕಣ್ಣಿಗೆ ಬೀಳುವುದಿಲ್ಲ. 2001ರಲ್ಲಿ ನನ್ನ ಮೊದಲ ವಾರದ ಡ್ರಾಯಿಂಗಿನಿಂದ ಆರು ತುಂಡು ಹೀಗೇ ಎಡಬಲವಾಗಿ ಬಂದಿದ್ದವು. ಕಾರಿನಲ್ಲಿ ಕೂತು ಅತ್ತು, ಹುಬ್ಬಳ್ಳಿಯಲ್ಲಿದ್ದ ನಿನಗೆ ಫೋನ್ ಮಾಡಿದ್ದೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕು, "ಅಳಬ್ಯಾಡ ನೀಲಾ. ಕನ್ನಡ್ಯಾಗ ಹಿಡದು ನೋಡ್ರಿ ಅಂತ ಹೇಳು ಅವರಿಗೆ," ಎಂದಿದ್ದೆ.

ನಾನು ಅದನ್ನೇ ಮಾಡಿದೆ. ಇನ್‌ಸ್ಪೆಕ್ಷನ್ ಮೇಜಿನಿಂದ ಕನ್ನಡಿ ತಂದು ತುಂಡನ್ನು ಅದರ ಮುಂದೆ ಹಿಡಿದೆ. ಕನ್ನಡಿಯೊಳಗಿನ ತುಂಡು ಡ್ರಾಯಿಂಗಿಗೆ ಚಾಚೂ ತಪ್ಪದೆ ಹೊಂದಿತ್ತು. "ಇವಳಿಗೆ ಓದಲು ಬರುತ್ತದೆ ಡೆನಿಸ್, ಅವಳ ದೇಶದ ರೀತಿಯಲ್ಲಿ. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ಇದೇ ತಪ್ಪು ಮಾಡಿದವಳು. ಇನ್ನೊಂದು ತುಂಡು ಕೊಡು, ಇವಳ ಜವಾಬ್ದಾರಿ ನನ್ನದು," ಎಂದೆ. ಇಪ್ಪತ್ತೈದು ವರ್ಷದಲ್ಲಿ ಆ ಕೊನೆಯ ಮಾತನ್ನು ನಾನು ಯಾರ ಬಗ್ಗೆಯೂ ಆಡಿರಲಿಲ್ಲ.

ಮೂಲೆಯ ಗುರುತನ್ನು ಬೆರಳಿಟ್ಟು ತೋರಿಸಿದ್ದಷ್ಟೇ ನನ್ನ ಪಾಠ. ಬೊಜೆನಾ ಹಣೆ ಬಡಿದುಕೊಂಡಳು, ಥೇಟ್ ನಮ್ಮವರ ಹಾಗೆ. ಎರಡನೆಯ ತುಂಡನ್ನು ಡೆನಿಸ್ ಮೂರು ಸಲ ಅಳೆದು, ಸೋಮವಾರದಿಂದ ಬರಲಿ ಎಂದ. ಅವಳು ಸ್ತಾಶೆಕ್‌ನ ಕಡೆ ತಿರುಗಿ ಏನೋ ಕೇಳಿದಳು. "ಕನ್ನಡಿ ಹಿಡಿಯೋದು ಯಾರು ಕಲಿಸಿದ್ರು ಅಂತ ಕೇಳ್ತಾಳ," ಎಂದ. ಮಿಷಿಗನ್ನಿನಲ್ಲಿರುವ ನನ್ನ ಗೆಳತಿ ಎಂದೆ.

ಈಗ ಡೋನಟ್ಟಿಗೆ ಬರೋಣ. ಪೋಲೆಂಡಿನವರು ಈಸ್ಟರಿನ ಮುಂಚಿನ ಉಪವಾಸದ ದಿನಗಳು ಶುರುವಾಗುವ ಮೊದಲು ಒಂದು ದಿನ ಪೊಂಚ್ಕಿ ಎಂಬ ಈ ಡೋನಟ್ಟನ್ನು ಹೊಟ್ಟೆ ಬಿರಿಯುವಷ್ಟು ತಿನ್ನುತ್ತಾರೆ. ಇಲ್ಲಿ ಅದು ಗುರುವಾರ. ನಿಮ್ಮ ಹ್ಯಾಮ್‌ಟ್ರಾಮಿಕ್ಕಿನಲ್ಲಿ ನಾಡಿದ್ದು ಮಂಗಳವಾರ, ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಮುಗಿದಿರುತ್ತದೆ. ನಮ್ಮ ಕಾರ್ಖಾನೆಯ ಪದ್ಧತಿ ಏನೆಂದರೆ, ಆ ವರ್ಷ ಹೊಸಬರನ್ನು ಯಾರು ತಂದರೋ ಅವರೇ ಎಲ್ಲರಿಗೂ ತರಬೇಕು. ಸ್ತಾಶೆಕ್ ತರುತ್ತಾನೆ ಎಂದುಕೊಂಡಿದ್ದೆ. ಅವನು ಬೆರಳು ಅಲ್ಲಾಡಿಸಿ, "ನಾ ಬರೇ ಅರ್ಜಿ ತಂದೆ. ಆಕೀನ್ನ ತಂದಾಕಿ ನೀವು," ಎಂದ.

ಹಾಗಾಗಿ ಮೊನ್ನೆ ಗುರುವಾರ ಬೆಳಗಿನ ಐದಕ್ಕೆ ಹೊರಟೆ. ರಾಜಶೇಖರ್ ಹೊದಿಕೆಯೊಳಗಿಂದಲೇ, "ಅಲ್ಲಾ ನೀಲಾ, ಡೋನಟ್ ಸಲುವಾಗಿ ಇಷ್ಟು ಲಗೂ ಎದ್ದೀಯೇನ? ನನಗ ಒಂದಿನಾ ಹಿಂಗ ಎದ್ದು ಚಾ ಮಾಡಿಕೊಟ್ಟಿಲ್ಲ ನೀ," ಎಂದರು. ಮಿಲ್ವಾಕಿ ಅವೆನ್ಯೂದ ಬೇಕರಿಯ ಮುಂದೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟಿನ ಮೂಳೆ ಕೊರೆಯುವ ಚಳಿಯಲ್ಲಿ ಐವತ್ತು ಮಿನಿಟು ನಿಂತೆ. ಗುಲಾಬಿ ಜಾಮಿನವು ಎರಡು ಡಜನ್, ಪ್ಲಮ್ಮಿನವು ಎರಡು ಡಜನ್. ಮೊಟ್ಟೆ ಇದೆಯೇ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಡೆನಿಸ್ ಮೂರು ತಿಂದ. ಗೊಣಗುತ್ತಿದ್ದವರಲ್ಲಿ ಒಬ್ಬ ಮಾತ್ರ ತನ್ನ ಡಬ್ಬಿ ತೆಗೆದುಕೊಂಡು ಬೇರೆ ಮೇಜಿಗೆ ಹೋದ. ಅದೇನು ನಾಲ್ಕು ಡಜನ್ನಿಗೆ ಮುಗಿಯುವ ಸಿಟ್ಟಲ್ಲ. ಬೊಜೆನಾ ಈಸ್ಟರಿಗೆಂದು ನೋಡಿಟ್ಟಿದ್ದ ಟಿಕೆಟ್ಟನ್ನು ಕೊಳ್ಳಲಿಲ್ಲವಂತೆ. ಒಂದು ಪೊಂಚ್ಕಿಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, "ಫಾರ್ ಮಿಷಿಗನ್ ಫ್ರೆಂಡ್," ಎಂದಳು. ಅಂಚೆಯಲ್ಲಿ ಕಳಿಸಲಾಗದೆ ಇವರು ತಿಂದುಬಿಟ್ಟರು. ಸಕ್ಕರೆ ಇರುವವರು ಕಣೇ.

ನನಗೆ ಈ ವಾರ ಬಹಳ ಸಮಾಧಾನವಾಗಿದೆ. ಸಂಜೆ ದೀಪ ಹಚ್ಚಿ ವಿಭೂತಿ ಹಚ್ಚಿಕೊಂಡಾಗ ನಿನ್ನ ಹೆಸರಿನಲ್ಲೂ ಒಂದು ಬಿಲ್ವಪತ್ರೆ ಏರಿಸುತ್ತೇನೆ. ಶ್ರೀಧರ್‌ಗೆ ನಮಸ್ಕಾರ ಹೇಳು. ನಿಹಾಲ್‌ಗೆ ನನ್ನ ಆಶೀರ್ವಾದ, ಓದು ಮುಗಿದ ಮೇಲೆ ಅವನಿಗೆ ಕೈ ತುಂಬ ಕೆಲಸ ಸಿಗಲಿ. ನೀನು ನೂರು ಕಾಲ ತಣ್ಣಗಿರು.

ನಿನ್ನ,
ನೀಲಗಂಗಾ

ತಾ.ಕ.: ಸ್ತಾಶೆಕ್ ನನ್ನನ್ನು ಆ ಪ್ರಶ್ನೆ ಕೇಳಿದಾಗ ನೆನಪಾದದ್ದು ಒಂದೇ ಹೆಸರು. 2006ರಲ್ಲಿ ನೀನೂ ಈ ಊರಿನಲ್ಲೇ ಇದ್ದಾಗ, ನಿನಗೆ ಕೆಲಸದ ಪರ್ಮಿಟ್ ಬಂದ ವಾರವೇ ನಿನ್ನ ಅರ್ಜಿಯನ್ನು ಈ ಒಳಗಿನ ಲಕೋಟೆಯಲ್ಲಿ ಹಾಕಿ, ನಮ್ಮ ಮ್ಯಾನೇಜರಿಗೆ ಕೊಡು ಎಂದು ನನ್ನ ಕೈಗೆ ಕೊಟ್ಟಿದ್ದೆ. ಕೊಟ್ಟೆ, ಅವರು ಬೇರೆಯವರನ್ನು ತೆಗೆದುಕೊಂಡರು ಎಂದು ನಿನಗೆ ಹೇಳಿದೆ. ನಾನು ಕೊಡಲೇ ಇಲ್ಲ ಮೇಧಾ. ಯಾರೂ ಬೇಡ ಎಂದಿರಲಿಲ್ಲ, ನಾನು ಯಾರನ್ನೂ ಕೇಳಿರಲಿಲ್ಲ. ಒಬ್ಬಳು ಬಂದಳು, ಈಗ ತನ್ನವರನ್ನು ತುಂಬಿಸುತ್ತಾಳೆ ಎಂದು ಯಾರಾದರೂ ಅಂದಾರೆಂಬ ಹೆದರಿಕೆಗೆ ಕೆಳಗಿನ ಡ್ರಾಯರಿನಲ್ಲಿ ಹಾಕಿದೆ. ಇಲ್ಲಿ ನನಗೇನಿದೆ ಎಂದು ನೀನು ಊರು ಬಿಟ್ಟು ಡೆಟ್ರಾಯಿಟ್ ಕಡೆ ಹೋದೆ, ಅಲ್ಲಿ ನಾಲ್ಕು ವರ್ಷ ಅಂಗಡಿಯ ಗಲ್ಲೆಯಲ್ಲಿ ನಿಂತೆ. ಹೊರಡುವ ದಿನ ನನ್ನನ್ನು ತಬ್ಬಿಕೊಂಡು, "ನೀ ಪ್ರಯತ್ನ ಮಾಡಿದೆಲ್ಲಾ ನೀಲಾ, ಅಷ್ಟ ಸಾಕು ನನಗ," ಎಂದಿದ್ದೆ. ಲಕೋಟೆಯ ಮೇಲಿರುವುದು ನಿನ್ನದೇ ಅಕ್ಷರ. ಅಂಟು ಕೂಡ ಬಿಚ್ಚಿಲ್ಲ, ಮುಟ್ಟಿ ನೋಡು.