ಬಿಟ್ಟುಹೋದ ಯ-ಒತ್ತು

ಜುಲೈ ೧೯, ೧೯೦೯

ನನ್ನ ಮುಂಗೋಪಿ ಮೈದುನನಿಗೆ,

ಬೆಳಗಿನ ಪೂಜೆ ಮುಗಿಸಿ ದೇವರ ಮುಂದೆಯೇ ಕೂತು ಬರೆಯುತ್ತಿದ್ದೇನೆ. ನಾಳೆ ಪೊಲೀಸರಿಗೆ ಶರಣಾಗುತ್ತೇನೆಂದು ಹಾಲಿನವಳ ಕೈಲಿ ಹೇಳಿ ಕಳಿಸಿದ್ದೀಯ. ಮೊದಲು ಇದನ್ನು ಪೂರ್ತಿ ಓದು, ಆಮೇಲೆ ಒಲೆಗೆ ಹಾಕು.

ನಿಮ್ಮಣ್ಣನನ್ನು ಹಿಡಿದುಕೊಂಡು ಹೋದ ದಿನ ನಡೆದದ್ದು ಇಷ್ಟು. ಇನ್ಸ್‌ಪೆಕ್ಟರು ನಮ್ಮ ಅಚ್ಚುಕೂಟದ ಮೇಜಿನ ಮೇಲೆ ನಿಮ್ಮಣ್ಣನ ಹಳೆಯ ಅರ್ಜಿಯನ್ನೂ ನಿನ್ನ ಕರಪತ್ರವನ್ನೂ ಅಕ್ಕಪಕ್ಕ ಇಟ್ಟರು. ಅರ್ಜಿಯಲ್ಲಿ ‘ಬೇಡಿಕೊಳ್ಳುತ್ತೇವೆ’. ಕರಪತ್ರದಲ್ಲಿ ‘ಇನ್ನು ಬೇಡೆವು’. ಎರಡರಲ್ಲೂ ಅದೇ ಮೂಗು ಮುರಿದ ‘ಬೇ’. ಏಳು ವರ್ಷದವನಿದ್ದಾಗ ನೀನೇ ನೆಲಕ್ಕೆ ಬೀಳಿಸಿದ ಅಚ್ಚು ಅದು.

ನಿಮ್ಮಣ್ಣ ಕನ್ನಡಕ ಒರೆಸಿಕೊಂಡು, ‘ಅಕ್ಷರ ಈ ಮನೇದೇ ಸ್ವಾಮಿ, ಮನೆ ಯಜಮಾನ ನಾನು’ ಅಂದರು. ಹುಟ್ಟಿದಾಗಿನಿಂದ ಸುಳ್ಳಾಡದವರು, ಅಂದೂ ಆಡಲಿಲ್ಲ. ಆರು ತಿಂಗಳ ಶಿಕ್ಷೆಯಾಯಿತು.

ಒಂದೂವರೆ ವರ್ಷದ ಹಿಂದೆ ದೇಶಭಕ್ತರ ಸಭೆ ಎರಡು ಬಣವಾಗಿ ಒಡೆದ ದಿನ ನೀವಿಬ್ಬರೂ ಊಟದ ತಟ್ಟೆ ಮುಂದಿಟ್ಟುಕೊಂಡೇ ಕಚ್ಚಾಡಿದಿರಿ. ಇಪ್ಪತ್ತು ವರ್ಷ ಸರ್ಕಾರದ ಬಾಗಿಲಲ್ಲಿ ಕೈಮುಗಿದು ನಿಂತೆಯಲ್ಲ, ತೆರೀತಾ ಎಂದು ನೀನು ಕೇಳಿದೆ. ಬಾಗಿಲು ಒಡೆಯೋ ಭರದಲ್ಲಿ ಮನೇನೇ ಬೀಳಿಸ್ತೀಯಲ್ಲೋ ಎಂದು ಅವರು. ಮಂದಗಾಮಿ, ತೀವ್ರಗಾಮಿ ಎಂದು ಪತ್ರಿಕೆಯವರು ಹೆಸರಿಟ್ಟರು. ನನಗೆ ಇಬ್ಬರೂ ನಾನು ಬಡಿಸಿದ್ದನ್ನು ಉಂಡವರು.

ನೀನು ಬರಿಗೈಲಿ ಹೊರಟಾಗ ಹಳೆಯ ಸೀಸದ ಅಚ್ಚುಗಳನ್ನೆಲ್ಲ ನನ್ನ ಸೀರೆಯಲ್ಲಿ ಗಂಟು ಕಟ್ಟಿ ಕೊಟ್ಟೆ. ಅವಸರದಲ್ಲಿ ಮೇಲಿನ ಗೂಡಿನಲ್ಲಿದ್ದ ಯ-ಒತ್ತು ಹಾಕಲು ಮರೆತೆ. ಅದಕ್ಕೇ ಊರಿನ ಗೋಡೆಗಳ ಮೇಲೆಲ್ಲ ನಿನ್ನ ‘ಸ್ವಾತಂತ್ರ’ ಬಾಲವಿಲ್ಲದೆ ನಿಂತಿತು. ನಿಮ್ಮಣ್ಣ ಮೊದಲ ಕರಪತ್ರ ಕಂಡಾಗಲೇ ಕೆಂಪು ಪೆನ್ಸಿಲಿನಿಂದ ತಿದ್ದಿ, ಸರ್ಕಾರವನ್ನ ಬಯ್ಯೋನು ಮೊದಲು ಕಾಗುಣಿತ ಕಲೀಲಿ ಎಂದು ಗೊಣಗಿದರು. ಅಚ್ಚು ನೀನೇ ಕದ್ದೊಯ್ದೆ ಎಂದು ಅವರು ತಿಳಿದಿದ್ದಾರೆಂದುಕೊಂಡು, ನಾನು ಬಾಯಿ ಬಿಡಲಿಲ್ಲ. ದೇವರಿಗೆ ಮಾತ್ರ ತಪ್ಪು ಒಪ್ಪಿಸುತ್ತಿದ್ದೆ.

ನಿನ್ನೆ ಜೈಲಿನ ಕಂಬಿಯಾಚೆ ಅವರಿಗೂ ಒಪ್ಪಿಸಿದೆ. ಅವರು ನಕ್ಕುಬಿಟ್ಟರು. ‘ಗೊತ್ತಿತ್ತು ಕಣೆ. ಅವನೇ ಕದ್ದಿದ್ರೆ ಒತ್ತು ಮರೀತಿರಲಿಲ್ಲ’ ಅಂದರು. ನೀನು ಶರಣಾಗುವ ಮಾತನ್ನು ನಾನು ಹೇಳಿದೆ. ನಗು ನಿಂತಿತು. ‘ಅವನ ದಾರಿ ನಾನು ಒಪ್ಪಲ್ಲ, ನನ್ನ ದಾರಿ ಬಿಡಲ್ಲ. ಆದ್ರೆ ನನ್ನ ಬದಲಿಗೆ ತಮ್ಮನನ್ನ ಒಳಗೆ ಹಾಕಿ ಅನ್ನೋ ಅರ್ಜಿಗೆ ನನ್ನ ರುಜು ಇಲ್ಲ. ಬರಬೇಡ ಅಂತ ಬರಿ.’

ಬರೆದಿದ್ದೇನೆ. ಬರಬೇಡಪ್ಪ. ನನ್ನದೂ ಒಂದು ಮಾತು ನಡೆಸಿಕೊಡು: ಆ ಗಂಟಿನ ಸೀಸ ಅಕ್ಷರವಾಗಿಯೇ ಇರಲಿ. ಅದನ್ನು ಕರಗಿಸಿ ಗುಂಡು ಮಾಡುವವರ ಕೈಗೆ ಕೊಡಬೇಡ. ದಿನಾ ದೇವರಲ್ಲಿ ಅದನ್ನೇ ಕೇಳಿಕೊಳ್ಳುತ್ತೇನೆ. ಅವನ ಮುಂದೆ ಬೇಡಿದರೆ ನೀನು ಆಡಿಕೊಳ್ಳಲಾರೆ ತಾನೇ?

ಹೊತ್ತಿಗೆ ಸರಿಯಾಗಿ ಉಣ್ಣು.

ನಿನಗೆ ಅಕ್ಷರ ಜೋಡಿಸಲು ಕಲಿಸಿದ
ಅತ್ತಿಗೆ

ತಾ.ಕ.: ನಿಮ್ಮಣ್ಣನ ಕೋಟು ಒಗೆಯಲು ತೆಗೆದಾಗ ಒಳಜೇಬಿನಲ್ಲಿ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಇಪ್ಪತ್ತು ಯ-ಒತ್ತು. ಮೇಲೆ ಕೆಂಪು ಪೆನ್ಸಿಲಿನಲ್ಲಿ ‘ಕಿರಿಯವನಿಗೆ’ ಎಂದು ಬರೆದು ತಾರೀಖು ಹಾಕಿದ್ದಾರೆ. ನಿನ್ನ ಮೊದಲ ಕರಪತ್ರ ಸಿಕ್ಕಿದ ದಿನದ್ದು. ಹಾಲಿನವಳ ಕೈಲಿ ಕಳಿಸಿದ್ದೇನೆ, ಎಣಿಸಿ ತಗೋ.