ಹೆದರಿದ ದೇವರು

೧೪ ನವೆಂಬರ್ ೨೦೨೫, ಶುಕ್ರವಾರ. ಮನಾಮಾ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೆಂಡತಿ ಹೆಲೆನ್‌ಳನ್ನು ಆಸ್ಪತ್ರೆಗೆ ಸೇರಿಸಬೇಕು. ಎದೆಯ ಗಡ್ಡೆಯ ಆಪರೇಷನ್. ಒಪ್ಪಿಗೆ ಪತ್ರಕ್ಕೆ ಅವಳು ಸಹಿ ಹಾಕುತ್ತಲೇ ಇರಲಿಲ್ಲ.

ಇಂದು ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಪ್ರಾರ್ಥನಾ ಕೂಟದ ಜಾನೆಟ್‌ಬಾಯಿ ಅವಳ ಕೈ ಹಿಡಿದು, "ಹೆದರಬೇಡ. ಹೆದರಿದ್ರೆ ವಿಶ್ವಾಸ ಇಲ್ಲ ಅಂತ ಅರ್ಥ" ಎಂದರು. ಹೆಲೆನ್ ಕೈ ಬಿಡಿಸಿಕೊಂಡು ಕಾರಿನ ಕಡೆ ನಡೆದಳು. ಕಾರಿನಲ್ಲಿ ನಾನೇ ಮಾತು ಶುರು ಮಾಡಿದೆ.

"ಸಾಯುವ ಹಿಂದಿನ ರಾತ್ರಿ ಯೇಸುವೂ ಹೆದರಿದ್ರಲ್ಲ?"

"ಅವರು ದೇವರು. ಮೂರನೇ ದಿನ ಏಳ್ತೇನೆ ಅಂತ ಗೊತ್ತಿತ್ತು. ಅದೆಲ್ಲ ನಮಗೆ ತೋರಿಸ್ಲಿಕ್ಕೆ."

ಹದಿನೈದು ವರ್ಷ ಮಕ್ಕಳಿಗೆ ಧರ್ಮೋಪದೇಶ ಕಲಿಸಿದವನು ನಾನು. ಏಳನೇ ಶತಮಾನದ ಮ್ಯಾಕ್ಸಿಮಸ್ ಎಂಬ ಸನ್ಯಾಸಿಯ ಕಥೆ ಹೇಳಿದೆ. ದೇವರು ಮನುಷ್ಯನಾದದ್ದು ನಿಜವಾದರೆ, ಸಾವಿಗೆ ಹಿಂಜರಿದ ಯೇಸುವಿನ ಆ ಮನಸ್ಸೂ ನಿಜವಾದ ಮನುಷ್ಯನದ್ದೇ ಎಂದು ಆತ ಪಟ್ಟು ಹಿಡಿದ. ಅದನ್ನು ಒಪ್ಪದ ಚಕ್ರವರ್ತಿಯ ಕಡೆಯವರು ಅವನ ನಾಲಿಗೆ, ಬಲಗೈ ಕತ್ತರಿಸಿದರು. ಅವನು ಸತ್ತು ಎಷ್ಟೋ ವರ್ಷದ ಮೇಲೆ ಧರ್ಮಸಭೆ ಅವನ ಮಾತೇ ಸರಿ ಎಂದಿತು.

ಸಿಗ್ನಲ್‌ನಲ್ಲಿ ಹೆಲೆನ್ ಅಳತೊಡಗಿದಳು. "ಹಾಗಾದ್ರೆ ಹೇಳ್ತೇನೆ. ನನಗೆ ತುಂಬಾ ಹೆದರಿಕೆ ಆಗ್ತಾ ಉಂಟು."

ಮನೆಗೆ ಬಂದವಳೇ ಸಹಿ ಹಾಕಿದಳು. ಪೆನ್ನು ಮುಚ್ಚುತ್ತಾ ಕೇಳಿದಳು, "ನಿಮಗೆ ಹೆದರಿಕೆ ಇಲ್ವಾ?"

"ಇಲ್ಲ" ಎಂದೆ.

ಅವಳು ತಲೆಯಾಡಿಸಿ ಒಳಗೆ ಹೋದಳು. ಅವಳನ್ನು ಒಬ್ಬಳೇ ಬಿಟ್ಟುಬಿಟ್ಟೆ ಅನ್ನಿಸಿತು. ಕೋಣೆಯ ದೀಪ ಇನ್ನೂ ಆರಿಲ್ಲ. ಹೇಳಿದ್ದು ಸುಳ್ಳು ಎಂದು ಈಗಲೇ ಹೋಗಿ ಹೇಳಬೇಕು, ನಾಳೆಯಾದರೆ ನನಗೆ ಮತ್ತೆ ಧೈರ್ಯ ಸಾಲದು. ಬರೆಯುವುದನ್ನು ಇಲ್ಲಿಗೇ ನಿಲ್ಲಿಸಿ ಏಳುತ್ತೇನೆ.