ಲೋಟ ತಿರುಗಿಸಿದ ದಿನ

ಕಳಸ,
೧೨ ಫೆಬ್ರವರಿ ೧೯೩೬

ಮೂಡಿಗೆರೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾದ ನಮ್ಮ ಯಜಮಾನರಿಗೆ ರುದ್ರಾಣಿಯ ಶರಣು.

ನಾನು ಕ್ಷೇಮ. ನೀವೂ ಹಾಗೇ ಇರಬೇಕೆಂದು ಬರೆಯಲು ಮೊನ್ನೆಯವರೆಗೂ ಮನಸ್ಸಿರಲಿಲ್ಲ, ಇಂದು ಇದೆ.

ನಿಮ್ಮ ದೊರೆಯ ಬಂಗಲೆಯ ಅಡುಗೆಯ ಲಕ್ಕಯ್ಯ ಸಂತೆಗೆ ಬಂದವನು ನಮ್ಮ ಜಗಲಿಯಲ್ಲಿ ಕೂತ. ದೊರೆಸಾನಿ ತಮ್ಮ ಸೀಮೆಗೆ ಹೊರಟಾಗ ನಿಮಗೆ ಕೊಟ್ಟ ಜಪಾನಿನ ಚಿತ್ರದ ಮಾತು ಬಂತು. ಅದರಲ್ಲಿ ಒಬ್ಬಳು ಮಂಡಿಯೂರಿ ಟೀ ಕೊಟ್ಟಿದ್ದಾಳೆ, ಇನ್ನೊಬ್ಬಳು ಬೋಗುಣಿಯನ್ನು ಅಂಗೈಮೇಲಿಟ್ಟು ತಿರುಗಿಸುತ್ತಿದ್ದಾಳೆ. ಯಾಕೆಂದು ದೊರೆಸಾನಿ ನಿಮಗೆ ಹೇಳುವಾಗ ಅವನೂ ಅಲ್ಲೇ ಇದ್ದನಂತೆ. “ಅದು ಮರ್ಯಾದೆ ಕಣಮ್ಮಾ. ಕೊಟ್ಟೋರು ಬೋಗುಣಿಯ ಚೆಂದದ ಮಗ್ಗುಲನ್ನ ನಮ್ ಕಡೆ ಇಟ್ಟಿರ್ತಾರೆ. ಅದಕ್ಕೆ ಬಾಯಿ ಹಚ್ಚಬಾರ್ದು ಅಂತ ತಿರುಗಿಸಿ ಕುಡೀತಾರೆ,” ಅಂದ.

ನನಗೆ ಆ ದಿನ ನೆನಪಾಯಿತು. ಅಣ್ಣ ಬಂದ ದಿನ, ನೆಂಟರ ಮುಂದೆ, ನಾನು ಕೊಟ್ಟ ಕಾಫಿಲೋಟವನ್ನು ನೀವು ಸುತ್ತ ನೋಡಿ, ಎರಡು ಸಲ ತಿರುಗಿಸಿ ಕುಡಿದಿರಿ. ಹುಣಸೆಹಣ್ಣು ಹಚ್ಚಿ ಬೆಳಗಿದ ಲೋಟ! ನಿಮ್ಮ ಸೋದರತ್ತೆ ಸಾವಿತ್ರಮ್ಮನವರು, “ಏನೇ, ಲೋಟ ತೊಳ್ದಿಲ್ವಾ? ಗಂಡ ಕೊಳೆ ಹುಡುಕ್ತಿದಾನೆ,” ಎಂದು ನಕ್ಕರು. ಎಲ್ಲರೂ ನಕ್ಕರು. ನೀವು ತಲೆ ತಗ್ಗಿಸಿ ಕೂತಿರಿ. ಮಾರನೆಯ ಬೆಳಿಗ್ಗೆ ನಾನು ತವರಿನ ಬಸ್ಸು ಹತ್ತಿದೆ. ಎರಡು ತಿಂಗಳಾಯಿತು.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಿಮ್ಮ ಬಂಗಾರದಲ್ಲಿ ನನಗೊಂದು ಮೂಗುತಿಯೂ ಆಗಲಿಲ್ಲ. ಮರ್ಯಾದೆ ಕೊಡುವವರು ಕೊಟ್ಟೆನೆಂದು ಒಂದು ಮಾತು ಹೇಳಬಾರದೆ? ನೆಂಟರೆದುರು ಹೇಳಿದ್ದರೆ ನಾಚಿಕೆಯಿಂದ ಸತ್ತೇ ಹೋಗುತ್ತಿದ್ದಿರಿ, ಗೊತ್ತು.

ನನ್ನ ತಪ್ಪೂ ಇದೆ. ಸಾರಿಗೆ ಉಪ್ಪು ಹೆಚ್ಚಾದರೂ ಹನ್ನೊಂದು ವರ್ಷ ತುಟಿ ಬಿಚ್ಚದವರು ಲೋಟದಲ್ಲಿ ಕೊಳೆ ಹುಡುಕುತ್ತಾರೆಯೇ ಎಂದು ನಾನು ಒಂದು ಗಳಿಗೆ ಯೋಚಿಸಬೇಕಿತ್ತು. ಸಿಟ್ಟು ಬಿಡಲಿಲ್ಲ. ಈಗ ನಿಮ್ಮನ್ನು ನೋಡಬೇಕೆನಿಸಿದೆ.

ಆ ಚಿತ್ರ ಮರದ ಅಚ್ಚು ಒತ್ತಿ ಮಾಡಿದ್ದಂತೆ. ಕಾಗದದ ಬೆನ್ನಿನ ಮೇಲೆ ಬೆರಳಾಡಿಸಿದರೆ ಒತ್ತಿದ ಗೆರೆಗಳು ಈಗಲೂ ಸಿಗುತ್ತವೆ. ಬೋಗುಣಿ ಹಿಡಿದವಳ ಕಣ್ಣು ಕೆಳಗಿದೆ, ನಿಮ್ಮ ಹಾಗೇ. ಅವಳೂ ಬಾಯಿಬಿಟ್ಟು ಏನೂ ಹೇಳುತ್ತಿಲ್ಲ.

ಸೋಮವಾರ ಬನ್ನಿ. ಅಮ್ಮ, ಅಣ್ಣ ಎಲ್ಲರ ಮುಂದೆ ಕಾಫಿ ಕೊಡುತ್ತೇನೆ. ತಿರುಗಿಸಿಯೇ ಕುಡಿಯಿರಿ. ಯಾರು ನಗುತ್ತಾರೋ ನೋಡುತ್ತೇನೆ.

ನಿಮ್ಮ
ರುದ್ರಾಣಿ

ಇನ್ನೊಂದು: ಗೋಡೆಯ ಮೇಲಿದ್ದ ಆ ಚಿತ್ರ ಕಾಣೆಯಾಗಿ ನೀವು ಬಂಗಲೆಯವರೆಗೂ ಹುಡುಕಿದಿರೆಂದು ಲಕ್ಕಯ್ಯ ಹೇಳಿದ. ಹುಡುಕಬೇಡಿ. ನಿಮಗಿಷ್ಟದ್ದೆಂಬ ಸಿಟ್ಟಿಗೆ, ಹರಿದು ಒಲೆಗೆ ಹಾಕಬೇಕೆಂದೇ ಸೀರೆಗಳ ನಡುವೆ ಇಟ್ಟುಕೊಂಡು ಬಂದಿದ್ದೆ. ದಿನಾ ತೆಗೆದೆ, ದಿನಾ ನೋಡಿದೆ, ಹರಿಯಲು ಕೈ ಬರಲಿಲ್ಲ. ವಾಪಸು ಬರುವಾಗ ಅವಳೂ ನನ್ನ ಜೊತೆಗೇ ಬರುತ್ತಾಳೆ.